ಬ್ಯಾಡಗಿ ಮೆಣಸಿನಕಾಯಿ ಎಕ್ಸ್‌ಟ್ರ್ಯಾಕ್ಟ್: ಎಚ್‌ಪಿಎಲ್‌ಸಿ ಒಳಗ ಪೀಕ್ ಬ್ಯಾರೆ ಆಗವಲ್ವು, ಕಾಲಮ್ ಬದಲಿ ಮಾಡ್ಲೋ ಮೆಥಡ್ ಬದಲಿ ಮಾಡ್ಲೋ?

ಕೆಂಪುಕಡ್ಡಿ

ನಮಸ್ಕಾರ್ರಿ ಎಲ್ಲಾರಿಗೂ. ನಾನು ಧಾರವಾಡದಾಗ ಎಂಎಸ್ಸಿ ಕೆಮಿಸ್ಟ್ರಿ ಕಡೇ ವರ್ಷ, ಊರು ಹಾವೇರಿ ಹತ್ರ. ಪ್ರಾಜೆಕ್ಟಿಗೆ ನಮ್ಮ ಬ್ಯಾಡಗಿ ಮೆಣಸಿನಕಾಯಿನ ತಗೊಂಡೇನಿ, ಡಬ್ಬಿ ಒಂದು, ಕಡ್ಡಿ ಒಂದು (ಬ್ಯಾಡಗಿಯೊಳಗಿನ ಎರಡು ಜಾತಿ), ಹೋಲಿಕಿಗೆ ಅಂತ ಗುಂಟೂರು ಖಾರದ ಕಾಯಿನೂ ಐತಿ. ಬಣ್ಣ ಒಟ್ಟು ಇಷ್ಟು ಅಂತ ಒಂದ ನಂಬರ್ ಹೇಳಿ ಮುಗಿಸೋದು ನನಗ ಬ್ಯಾಡಾಗೈತಿ, ಆ ಕೆಂಪಿನಾಗ ಯಾವ್ಯಾವ ಕ್ಯಾರೊಟಿನಾಯ್ಡ್ (ಕೆಂಪು-ಹಳದಿ ಬಣ್ಣದ ವಸ್ತು) ಎಷ್ಟೆಷ್ಟು ಅದಾವು ಅಂತ ಬಿಡಿಸಿ ತೋರಸ್ಬೇಕು, ಜೊತಿಗೆ ಖಾರದ ಕ್ಯಾಪ್ಸೈಸಿನ್ನೂ ಅದರಾಗ ಅಳೀಬೇಕು.

ಎಚ್‌ಪಿಎಲ್‌ಸಿ ಅಂದ್ರ ಸ್ಯಾಂಪಲ್ಲನ್ನ ದ್ರವದ ಜೊತಿ ಕಾಲಮ್ ಅನ್ನೋ ಕೊಳವಿ ಒಳಗ ತಳ್ಳಿ ಘಟಕ ಬ್ಯಾರೆ ಮಾಡೋದು, ಒಂದೊಂದು ಘಟಕ ಒಂದೊಂದು ಪೀಕ್ ಆಗಿ ಕಾಣ್ಬೇಕು. ಮಷೀನ್ ಹಳೇದು, ಕ್ವಾಟರ್ನರಿ ಪಂಪ್, ಡಿಎಡಿ ಡಿಟೆಕ್ಟರ್ (ಬ್ಯಾರೆ ಬ್ಯಾರೆ ವೇವ್‌ಲೆಂಗ್ತ್ ಒಮ್ಮೆಗೇ ಓದೋದು), 400 ಬಾರ್ ತನಕ ತಡೀತೈತಿ. ಕಾಲಮ್ ಸಿ18 (ಒಳಗಿನ ಕಣಕ್ಕ 18 ಕಾರ್ಬನ್ನಿನ ಸರಪಳಿ ಅಂಟಿದ್ದು), 250 ಇಂಟು 4.6 ಮಿಮೀ, 5 ಮೈಕ್ರಾನ್. ನೀರು ಮತ್ತ ಅಸಿಟೋನೈಟ್ರೈಲ್, ಅಸಿಟೋನೈಟ್ರೈಲ್ 50ರಿಂದ 100 ಪರ್ಸೆಂಟ್ ತನಕ ಮೆಲ್ಲಕ ಏರಿಸೋ 30 ನಿಮಿಷದ ಗ್ರೇಡಿಯೆಂಟ್, ಫ್ಲೋ ನಿಮಿಷಕ್ಕ 1 ಎಂಎಲ್. ಕಾಯಿಪುಡಿ ಅಸಿಟೋನಿನ್ಯಾಗ ತಗದು ಫಿಲ್ಟರ್ ಮಾಡಿ 20 ಮೈಕ್ರೋಲೀಟರ್ ಹಾಕ್ತೇನಿ. 280 ನ್ಯಾನೋಮೀಟರಿಗೆ ಖಾರ, 450ಕ್ಕ ಬಣ್ಣ ನೋಡ್ತೇನಿ.

ಈಗ ತ್ರಾಸ ಏನಂದ್ರ, ಕ್ಯಾಪ್ಸೈಸಿನ್ ಬರ್ತೈತಿ ಆದ್ರ ಪೀಕಿನ ತುದಿ ಎರಡಾಗಿ ಸೀಳತೈತಿ. ಬಣ್ಣದ ಕಡೆ ಅಂತೂ 100 ಪರ್ಸೆಂಟ್ ಅಸಿಟೋನೈಟ್ರೈಲ್ ಮುಟ್ಟೂ ತನಕ ಏನೂ ಹೊರಗ ಬರವಲ್ದು, ಆಮ್ಯಾಲೆ ಒಮ್ಮೆಗೇ ಎದ್ದ ಅಗಲ ದಿಬ್ಬ, ಅದರ ಮ್ಯಾಲ ಸಣ್ಣ ಸಣ್ಣ ತಲಿ ಹತ್ತಿಪ್ಪತ್ತು, ಬೇಸ್‌ಲೈನಿಗೆ ಯಾವುದೂ ಇಳಿಯವಲ್ದು. ಮುಂದಿನ ಇಂಜೆಕ್ಷನ್ ಬ್ಲ್ಯಾಂಕ್ (ಬರೇ ಸಾಲ್ವೆಂಟ್) ಹಾಕಿದ್ರೂ ಕೆಂಪು ಪೀಕ್ ಬರ್ತಾವು. ಮುಂಜಾನೆ ಬಂದ ರಿಟೆನ್ಶನ್ ಟೈಮ್ (ಪೀಕ್ ಹೊರಗ ಬರೂ ಹೊತ್ತು) ಮಧ್ಯಾಹ್ನ ಇರಂಗಿಲ್ಲ.

ಕೆಲವ್ರು ಇನ್ನೊಂದು 250 ಕಾಲಮ್ ತಂದು ಸರಣಿ ಜೋಡಸು ಅಂತಾರ, ಕೆಲವ್ರು ಕೋರ್-ಶೆಲ್ (ಗಟ್ಟಿ ತಿರುಳಿನ ಕಣ ತುಂಬಿದ ಕಾಲಮ್) ಅಂತಾರ, ಪೇಪರಿನ್ಯಾಗ ನೋಡಿದ್ರ ಸಿ30 ಅಂತ ಐತಿ. ರೊಕ್ಕ ಒಂದ ಕಾಲಮ್ಮಿಗೆ ಸಾಲೋಷ್ಟ ಐತಿ, ಹಿಂಗಾಗಿ ತಗೊಳ್ಳೂದಕ್ಕ ಮೊದ್ಲ ಕೇಳಾಕತ್ತೇನಿ. ತಿಳಿದವ್ರು ಹೇಳ್ರಿ.

ಗೋಕುಲರೋಡ್_ಕ್ಯೂಸಿ

ಹುಬ್ಬಳ್ಳಿ ಒಳಗ ಫಾರ್ಮಾ ಕ್ಯೂಸಿ ಕೆಲಸ ನಂದು. ಕಾಲಮ್ ತಗೊಳ್ಳೂ ಮಾತು ಆಮ್ಯಾಲಿಂದು, ಮೊದ್ಲ ಈ ನಾಲ್ಕು ಮಾತು ನೋಡ್ರಿ.

ಪೀಕ್ ಸೀಳೋದು ಕಾಲಮ್ಮಿನ ತಪ್ಪಲ್ಲ. ಅಸಿಟೋನ್ ಅಂದ್ರ ಜೋರ ಸಾಲ್ವೆಂಟು, ನೀವು ಶುರು ಮಾಡೋದು ಅರ್ಧ ನೀರಿನ್ಯಾಗ. 20 ಮೈಕ್ರೋಲೀಟರ್ ಅಸಿಟೋನ್ ಕಾಲಮ್ ತಲಿಗೆ ಬಿದ್ದ ಕೂಡ್ಲೆ ಸ್ಯಾಂಪಲ್ಲಿನ ಒಂದು ಪಾಲು ಅಸಿಟೋನ್ ಜೊತಿ ಮುಂದ ಓಡತೈತಿ, ಇನ್ನೊಂದು ಪಾಲು ಅಲ್ಲೇ ನಿಂದರತೈತಿ, ಅದಕ್ಕ ಎರಡು ತಲಿ. 5 ಮೈಕ್ರೋಲೀಟರ್ ಹಾಕಿ ನೋಡ್ರಿ, ಒಂದ ತಲಿ ಆದ್ರ ಕಾರಣ ಅದ ಅಂತ ಖಾತ್ರಿ.

ಎರಡನೇದು, ಒಂದು ರನ್ ಮುಗಿದು ಇನ್ನೊಂದು ಶುರು ಆಗೂ ನಡುವ ಎಷ್ಟೊತ್ತು ಬಿಡ್ತೀರಿ ಅಂತ ಬರದಿಲ್ಲ. 250 ಇಂಟು 4.6 ಕಾಲಮ್ಮಿನ ಒಳಗ ಸುಮಾರು 2.5 ಎಂಎಲ್ ಜಾಗಾ ಇರ್ತೈತಿ. ಹತ್ತು ಕಾಲಮ್ ವಾಲ್ಯೂಮ್ ಅಂದ್ರ 25 ಎಂಎಲ್, ನಿಮ್ಮ ಫ್ಲೋಕ್ಕ 25 ನಿಮಿಷ. ಕಡಿಮಿ ಬಿಟ್ರೂ ನಡೀತೈತಿ, ಆದ್ರ ಪ್ರತಿ ಸರ್ತಿ ಅಷ್ಟಕ್ಕಷ್ಟ ಬಿಡ್ಬೇಕು, ಒಮ್ಮೆ ಐದು ನಿಮಿಷ ಒಮ್ಮೆ ಚಾ ಕುಡ್ದು ಬರೂತನಕ ಅಂದ್ರ ರಿಟೆನ್ಶನ್ ನಿಲ್ಲಂಗಿಲ್ಲ.

ಮೂರನೇದು ಓವನ್. ಓವನ್ ಆನ್ ಐತೋ ಇಲ್ಲೋ? ಟೆಂಪರೇಚರ್ ಒಂದು ಡಿಗ್ರಿ ಏರಿದ್ರ ರಿಟೆನ್ಶನ್ ಒಂದೆರಡು ಪರ್ಸೆಂಟ್ ಇಳೀತೈತಿ ಅಂತ ಲೆಕ್ಕ ಹಿಡೀರಿ. ನಮ್ಮ ಕಡೆ ಮಾರ್ಚ್ ತಿಂಗಳದಾಗ ಮುಂಜಾನಿಗೂ ಮಧ್ಯಾಹ್ನಕ್ಕೂ ಹತ್ತು ಡಿಗ್ರಿ ಮ್ಯಾಲ ಫರಕ್ ಬೀಳತೈತಿ, ರೂಮ್ ಎಸಿ ನಂಬಿ ಕುಂದರಬ್ಯಾಡ್ರಿ.

ನಮ್ಮ ಔಷಧಿ ಕಡೆ ಪೀಕ್ ಸರಸ್ಬೇಕಂದ್ರ ಮೊದ್ಲ ಕೈ ಹಾಕೋದು ಪಿಎಚ್ಚಿಗೆ, ನಿಮಗದು ಇಲ್ಲಿ ಕೆಲಸಕ್ಕ ಬರಂಗಿಲ್ಲ. ಕ್ಯಾಪ್ಸೈಸಿನ್ ಫೀನಾಲು, ಪಿಕೆಎ 10ರ ಆಸುಪಾಸು, ಸಿ18 ತಡಿಯೋ ಪಿಎಚ್ ಒಳಗ ಅದು ಚಾರ್ಜ್ ಹಿಡಿಯಂಗಿಲ್ಲ. ಕ್ಯಾರೊಟಿನಾಯ್ಡಿಗಂತೂ ಚಾರ್ಜ್ ಅನ್ನೋದ ಇಲ್ಲ. ಹಿಂಗಾಗಿ ಬಫರ್ ಹಾಕಿ ಟೈಮ್ ಕಳೀಬ್ಯಾಡ್ರಿ.

ಸಾಧನಕೇರಿ_ಕೆಮಿಸ್ಟ್

ಮ್ಯಾಲಿನವರು ಹೇಳಿದ್ದು ಪೂರ್ತಿ ಖರೆ ಅದ, ಮೊದ್ಲ ಅದನ್ನ ಸರಿ ಮಾಡ್ಕೊಳ್ರಿ. ನಾನು ದಿಬ್ಬದ ವಿಷಯ ಮಾತಾಡ್ತೀನಿ, ಸ್ವಲ್ಪ ಉದ್ದ ಆಗ್ತದ, ಯಾಕಂದ್ರ ಈ ಪ್ರಶ್ನಿ ವರ್ಷಾ ಯಾರರೆ ಕೇಳ್ತಾರ ಮತ್ತ ವರ್ಷಾ ಯಾರರೆ ಬ್ಯಾಡಾದ ಕಾಲಮ್ ತಂದು ಇಟ್ಕೊಂಡು ಕುಂದರ್ತಾರ.

ರೆಸಲ್ಯೂಷನ್ ಸೂತ್ರ ಓದಿರ್ತೀರಿ, ರೆಸಲ್ಯೂಷನ್ ಅಂದ್ರ ಎರಡು ಪೀಕ್ ಎಷ್ಟು ಬ್ಯಾರೆ ಆಗ್ಯಾವ ಅನ್ನೋ ಅಳತಿ, ಅದರಾಗ ಮೂರು ಪಾಲು: ಕಾಲಮ್ಮಿನ ಪ್ಲೇಟ್ ಸಂಖ್ಯೆ (ಪೀಕ್ ಎಷ್ಟು ತೆಳ್ಳಗ ಬರ್ತದ ಅನ್ನೋದು), ಸೆಲೆಕ್ಟಿವಿಟಿ ಅಂದ್ರ ಆಲ್ಫಾ (ಎರಡು ವಸ್ತು ಹಿಡ್ಕೊಳ್ಳೂದರಾಗ ಕಾಲಮ್ ಎಷ್ಟು ಫರಕ್ ಮಾಡ್ತದ ಅನ್ನೋದು), ಮತ್ತ ರಿಟೆನ್ಶನ್ ಫ್ಯಾಕ್ಟರ್ (ವಸ್ತು ಕಾಲಮ್ಮಿನ್ಯಾಗ ಎಷ್ಟು ಹೊತ್ತು ನಿಂದರ್ತದ ಅನ್ನೋದು). ಪ್ಲೇಟ್ ಸಂಖ್ಯೆ ವರ್ಗಮೂಲದ ಒಳಗ ಕುಂತದ. ಇನ್ನೊಂದು 250 ಜೋಡಿಸಿದ್ರ ಉದ್ದ ಎರಡು ಪಟ್ಟು, ಪ್ರೆಶರ್ ಎರಡು ಪಟ್ಟು, ಟೈಮ್ ಎರಡು ಪಟ್ಟು, ರೆಸಲ್ಯೂಷನ್ ಮಾತ್ರ 1.4 ಪಟ್ಟು. ಎರಡು ಪಟ್ಟು ರೆಸಲ್ಯೂಷನ್ ಬೇಕಂದ್ರ ಒಂದು ಮೀಟರ್ ಕಾಲಮ್ ಜೋಡಿಸ್ಬೇಕಾಗ್ತದ. ಅದ ಆಲ್ಫಾ 1.05 ಇದ್ದದ್ದು 1.10 ಆತು ಅಂದ್ರ ಇದ್ದ ಕಾಲಮ್ಮಿನ ಮ್ಯಾಲೇನ ರೆಸಲ್ಯೂಷನ್ ಹೆಚ್ಚುಕಡಿಮಿ ಎರಡು ಪಟ್ಟು ಆಗ್ತದ. ಆಲ್ಫಾ ಬದಲಾಗೋದು ಸಾಲ್ವೆಂಟ್ ಬದಲಿ ಮಾಡಿದ್ರ, ಟೆಂಪರೇಚರ್ ಬದಲಿ ಮಾಡಿದ್ರ, ಕಾಲಮ್ಮಿನ ರಸಾಯನ ಬದಲಿ ಮಾಡಿದ್ರ. ಉದ್ದ ಮಾಡಿದ್ರ ಅದು ಕೂದಲೆಳೆಯಷ್ಟೂ ಅಲ್ಲಾಡಂಗಿಲ್ಲ. ಕೋರ್-ಶೆಲ್ ಕಾಲಮ್ ಚಲೋ ವಸ್ತು, 2.7 ಮೈಕ್ರಾನ್ ಆದ್ರೂ ನಿಮ್ಮ 400 ಬಾರ್ ಒಳಗ ನಡೀತದ, ಆದ್ರ ಅದೂ ಪ್ಲೇಟ್ ಸಂಖ್ಯೆಯ ಆಟನ. ಒಂದರ ಮ್ಯಾಲ ಒಂದು ಪೂರ್ತಿ ಕುಂತ ಎರಡು ಪೀಕನ್ನ ಅದು ಬಿಡಸಂಗಿಲ್ಲ.

ಆದ್ರ ಅದಕ್ಕೂ ಮೊದ್ಲಿನ ಮಾತು ಸ್ಯಾಂಪಲ್ಲಿಂದು. ಹಣ್ಣಾದ ಕೆಂಪು ಕಾಯಾಗ ಕ್ಯಾಪ್ಸಾಂತಿನ್, ಕ್ಯಾಪ್ಸೊರುಬಿನ್, ಜಿಯಾಝಾಂತಿನ್, ಬೀಟಾ-ಕ್ರಿಪ್ಟೊಝಾಂತಿನ್, ಬೀಟಾ-ಕ್ಯಾರೊಟಿನ್ ಇವು ಮುಖ್ಯ, ಇವುಗಳ ಜೊತಿ ಒಂದಿಷ್ಟು ಇಪಾಕ್ಸೈಡು. ಇಷ್ಟ ಇದ್ರ ನಿಮ್ಮ ಕಾಲಮ್ ಸಾಕಾಗ್ತಿತ್ತು. ತ್ರಾಸ ಏನಂದ್ರ ಕಾಯಿ ಹಣ್ಣಾಗೋ ಹೊತ್ತಿಗೆ ಇವುಗಳ ಹೈಡ್ರಾಕ್ಸಿಲ್ ತುದಿಗೆ ಫ್ಯಾಟಿ ಆಸಿಡ್ ಅಂಟ್ಕೊಳ್ತಾವ, ಲಾರಿಕ್, ಮಿರಿಸ್ಟಿಕ್, ಪಾಮಿಟಿಕ್ ಮುಂತಾದ್ದು. ಕ್ಯಾಪ್ಸಾಂತಿನ್‌ಗೆ ಎರಡು ಹೈಡ್ರಾಕ್ಸಿಲ್, ಒಂದಕ್ಕ ಅಂಟಿದ್ರ ಮಾನೋಎಸ್ಟರ್, ಎರಡಕ್ಕೂ ಅಂಟಿದ್ರ ಡೈಎಸ್ಟರ್, ಯಾವ ತುದಿಗೆ ಯಾವ ಆಸಿಡ್ ಅನ್ನೋದರ ಮ್ಯಾಲ ಒಂದ ಕ್ಯಾಪ್ಸಾಂತಿನ್ ಹತ್ತಾರು ವ್ಯಾಷ ಹಾಕ್ತದ. ನೀವು ನೋಡಿದ ದಿಬ್ಬ ಇವರದ. ಡೈಎಸ್ಟರ್ ಅಂದ್ರ ಭಾಳ ಎಣ್ಣಿ ಸ್ವಭಾವದ್ದು, ಅಸಿಟೋನೈಟ್ರೈಲಿನ್ಯಾಗ ಸರಿಯಾಗಿ ಕರಗೋದೂ ಇಲ್ಲ, ಅದಕ್ಕ 100 ಪರ್ಸೆಂಟ್ ಬಿಟ್ರೂ ಕಾಲಮ್ಮಿನ್ಯಾಗ ಉಳಿದು ಮುಂದಿನ ಬ್ಲ್ಯಾಂಕಿನ್ಯಾಗ ಬಂದು ಕಾಣಸ್ಕೊಳ್ತಾವ.

ಇಲ್ಲೊಂದು ಲೆಕ್ಕ ಮನಸ್ಸಿನ್ಯಾಗ ಇಟ್ಕೊಳ್ರಿ. ಡೇವಿಸ್ ಮತ್ತ ಗಿಡಿಂಗ್ಸ್ ಅನ್ನೋರು 1983ರಾಗ ಹೊರಗ ತಂದದ್ದು. ಪೀಕ್‌ಗಳು ಎಲ್ಲಿ ಬೇಕಾದಲ್ಲಿ ಬೀಳ್ತಾವ ಅಂತ ಹಿಡಿದ್ರ, ನಿಮ್ಮ ಕಾಲಮ್ಮಿನ ಪೀಕ್ ಕೆಪ್ಯಾಸಿಟಿ (ಒಂದ ರನ್ನಿನ್ಯಾಗ ಪಕ್ಕಪಕ್ಕಕ್ಕ ಹಿಡಿಯೋ ಪೀಕಿನ ಸಂಖ್ಯೆ) ಎಷ್ಟದನೋ ಅದರ 37 ಪರ್ಸೆಂಟ್‌ಕ್ಕಿಂತ ಹೆಚ್ಚು ಪೀಕ್ ಕಣ್ಣಿಗೆ ಕಾಣಂಗಿಲ್ಲ, ಅದರಾಗ ಒಂದ ಕಾಂಪೌಂಡಿಂದ ಆದ ಶುದ್ಧ ಪೀಕ್ ಅಂತೂ 18 ಪರ್ಸೆಂಟ್ ದಾಟಂಗಿಲ್ಲ. ಅಂದ್ರ 100 ಪೀಕಿಗೆ ಜಾಗಾ ಇರೋ ಕಾಲಮ್ಮಿನ್ಯಾಗ ಯದ್ವಾತದ್ವಾ 50 ಕಾಂಪೌಂಡ್ ಬಿಟ್ರ, ಒಂಟಿಯಾಗಿ ನಿಲ್ಲೋದು ಹದಿನೆಂಟೋ ಏನೋ. ಇದನ್ನ ತಿಳ್ಕೊಂಡ ಮ್ಯಾಲ ಕಾಲಮ್ಮಿಗೆ ರೊಕ್ಕ ಸುರಿಯೂಕಿಂತ ಸ್ಯಾಂಪಲ್ಲಿನ ಜನಸಂದಣಿ ಕಡಿಮಿ ಮಾಡೋದು ಶ್ಯಾಣೇತನ ಅಂತ ನನಗ ಪಕ್ಕಾ ಅನಸ್ತದ.

ಕಡಿಮಿ ಮಾಡೋದು ಹೆಂಗ? ಸಪೋನಿಫಿಕೇಶನ್. ಎಸ್ಟರ್ ಎಲ್ಲಾ ಮುರದು ಮೂಲ ಕ್ಯಾರೊಟಿನಾಯ್ಡಿಗೆ ಬರ್ತಾವ, ಹತ್ತಾರು ಪೀಕ್ ಹೋಗಿ ಒಂದ ಕ್ಯಾಪ್ಸಾಂತಿನ್ ಆಗ್ತದ. ಮೆಥನಾಲಿನ್ಯಾಗ 10 ಪರ್ಸೆಂಟ್ ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅನ್ನೋ ಕ್ಷಾರ), ರೂಮ್ ಟೆಂಪರೇಚರ್, ಕತ್ತಲಿ. ಕಾಯಿಸಬ್ಯಾಡ್ರಿ. ಮತ್ತ ಒಂದು ಮಾತು ಗಟ್ಟಿ ಹಿಡೀರಿ, ಕೆಒಎಚ್ ಹಾಕೂಕ ಮೊದ್ಲ ಅಸಿಟೋನ್ ಪೂರ್ತಿ ತಗೀಬೇಕು, ಕ್ಷಾರದಾಗ ಅಸಿಟೋನ್ ತನ್ನಷ್ಟಕ್ಕ ತಾನ ಕೂಡ್ಕೊಂಡು ಆಲ್ಡಾಲ್ ರಾಡಿ ಮಾಡ್ತದ. ಸ್ಯಾಂಪಲ್ ಡೈಈಥೈಲ್ ಈಥರಿಗೆ ಎಳ್ಕೊಂಡು ಅಲ್ಲಿ ಕೆಒಎಚ್ ಹಾಕ್ರಿ. ಆಮ್ಯಾಲೆ ಉಪ್ಪಿನ ನೀರಿಲೆ ತೊಳೀರಿ, ಬರೇ ನೀರು ಹಾಕಿದ್ರ ಸೋಪಿನ ಎಮಲ್ಶನ್ ಆಗಿ ಎರಡು ಪದರ ಬ್ಯಾರೆ ಆಗೂತನಕ ಕಾಯ್ತಾ ಕುಂದರ್ಬೇಕಾಗ್ತದ. ನ್ಯೂಟ್ರಲ್ ಆಗೂತನಕ ತೊಳದು, ಸೋಡಿಯಂ ಸಲ್ಫೇಟ್ ಮ್ಯಾಲ ಒಣಗ್ಸಿ, ನೈಟ್ರೋಜನ್ ಬಿಟ್ಟು ಈಥರ್ ಆರಿಸಿ, ಅಸಿಟೋನಿನ್ಯಾಗ ಕರಗಸ್ರಿ.

ಇನ್ನ ಕಾಲಮ್. ಹೊಸಾದು ತಗೊಳ್ಳೂಕ ಮೊದ್ಲ ಇದ್ದ ಸಿ18 ಮ್ಯಾಲೇನ ನೀರು-ಅಸಿಟೋನ್ ಗ್ರೇಡಿಯೆಂಟ್ ಹಾಕಿ ನೋಡ್ರಿ. ಸ್ಪೇನಿನ ಸಂಶೋಧಕರು 1993ರಾಗ ಪಾಪ್ರಿಕಾ ಬಣ್ಣ ಬಿಡಿಸಿದ್ದು ಹಿಂಗ, ಸಪೋನಿಫಿಕೇಶನ್ ಮಾಡಿ ಸಿ18 ಮ್ಯಾಲ. ಅಸಿಟೋನ್ 330 ನ್ಯಾನೋಮೀಟರ್ ಕೆಳಗ ಬೆಳಕು ನುಂಗ್ತದ ಅಂತ ಎಲ್ಲಾರೂ ಅದನ್ನ ದೂರ ಇಡ್ತಾರ, ನಿಮಗ ಬೇಕಾದ್ದು 450, ಏನೂ ತ್ರಾಸಿಲ್ಲ. ಅಸಿಟೋನೈಟ್ರೈಲಿಗಿಂತ ಅಗ್ಗ, ಕ್ಯಾರೊಟಿನಾಯ್ಡ್ ಚಲೋ ಕರಗ್ತಾವ, ಸ್ಯಾಂಪಲ್ಲೂ ಅಸಿಟೋನಿನ್ಯಾಗ ಇರೋದ್ರಿಂದ ಸಾಲ್ವೆಂಟಿನ ಜಗಳ ಕಡಿಮಿ. 75 ಪರ್ಸೆಂಟ್ ಅಸಿಟೋನಿಂದ ಶುರು ಮಾಡಿ ಮ್ಯಾಲ ಏರಸ್ಕೋತ ಹೋಗ್ರಿ. ಮೊದ್ಲ ಕ್ಯಾಪ್ಸೊರುಬಿನ್, ಆಮ್ಯಾಲೆ ಕ್ಯಾಪ್ಸಾಂತಿನ್, ಜಿಯಾಝಾಂತಿನ್, ಬೀಟಾ-ಕ್ರಿಪ್ಟೊಝಾಂತಿನ್, ಕಡೀಕ ಬೀಟಾ-ಕ್ಯಾರೊಟಿನ್ ಬರ್ತದ.

ಖಾರಕ್ಕ ಬ್ಯಾರೆನ ಮೆಥಡ್ ಇಡ್ರಿ. ಅಸಿಟೋನ್ ಮೊಬೈಲ್ ಫೇಜಿನ್ಯಾಗ 280 ಕಾಣಂಗಿಲ್ಲ, ಸಪೋನಿಫಿಕೇಶನ್ ಮಾಡಿದ ಸ್ಯಾಂಪಲ್ಲಿನ್ಯಾಗ ಕ್ಯಾಪ್ಸೈಸಿನ್ ಫೀನೊಲೇಟ್ ಆಗಿ ಕ್ಷಾರದ ಪದರಕ್ಕ ಹೋಗಿರ್ತದ. ಒಂದ ಇಂಜೆಕ್ಷನ್ನಿನ್ಯಾಗ ಎರಡೂ ಅಳೀಬೇಕು ಅನ್ನೋ ಆಸೆ ಬಿಡ್ರಿ. ಕ್ಯಾಪ್ಸೈಸಿನ್, ಡೈಹೈಡ್ರೊ, ನಾರ್‌ಡೈಹೈಡ್ರೊ ಮೂರಕ್ಕ ನೀರು-ಅಸಿಟೋನೈಟ್ರೈಲ್ ಐಸೊಕ್ರ್ಯಾಟಿಕ್ (ಮಿಶ್ರಣ ಬದಲಿ ಮಾಡಲಾರದ) ಸಾಕು, ಗ್ರೇಡಿಯೆಂಟ್ ಏರಿಸೋದು ರನ್ ಮುಗಿದ ಮ್ಯಾಲ ಕಾಲಮ್ ತೊಳಿಯೂದಕ್ಕಷ್ಟ.

ಮತ್ತ ನಿಮ್ಮ ಈಗಿನ ಕಾಲಮ್ ಎತ್ತಿ ಇಡೂಕ ಮೊದ್ಲ ಒಮ್ಮೆ ಐಸೊಪ್ರೊಪನಾಲ್ ಬಿಟ್ಟು ತೊಳೀರಿ, ದಪ್ಪ ದ್ರವ ಅದು, ಫ್ಲೋ 0.3ರಷ್ಟು ಇಡ್ರಿ, ಇಲ್ಲಂದ್ರ ಪ್ರೆಶರ್ ಏರಿ ಪಂಪ್ ನಿಂದರ್ತದ.

ಬ್ಯಾಡಗಿ_ಪ್ಯಾಟಿ

ಮಾರ್ಕೆಟ್ ಹತ್ರ ಟೆಸ್ಟಿಂಗ್ ಮಾಡೋ ಲ್ಯಾಬಿನ್ಯಾಗ ಅದೇನಿ. ಸಾಧನಕೇರಿಯವರ ಮಾತು ಬಹಳಷ್ಟು ಒಪ್ಪತೇನಿ, ಆದ್ರ ಸಪೋನಿಫಿಕೇಶನ್ ಎಲ್ಲಾದಕ್ಕೂ ಮಾಡ್ರಿ ಅಂದ್ರ ನಾ ಒಪ್ಪಂಗಿಲ್ಲ.

ನಮ್ಮಲ್ಲಿ ಬಣ್ಣ ಅಂದ್ರ ಆಸ್ಟಾ ನಂಬರ್, ಅಮೆರಿಕದ ಮಸಾಲಿ ವ್ಯಾಪಾರಿಗಳ ಸಂಘದ ಅಳತಿ. ಪುಡಿ ಅಸಿಟೋನಿನ್ಯಾಗ ಇಟ್ಟು, 460 ನ್ಯಾನೋಮೀಟರಿಗೆ ಅಬ್ಸಾರ್ಬೆನ್ಸ್ ಓದಿ, 16.4ರಿಂದ ಗುಣಿಸಿ, ತೂಕದಿಂದ ಭಾಗಿಸೋದು. ರೇಟ್ ಕಟ್ಟೋದು ಅದರ ಮ್ಯಾಲ. ಆದ್ರ ಆ ನಂಬರಿಗೆ ಕೆಂಪು ಯಾವುದು ಹಳದಿ ಯಾವುದು ಗೊತ್ತಾಗಂಗಿಲ್ಲ, ಎಲ್ಲಾ ಕೂಡಿಸಿ ಒಂದು ಅಂಕಿ. ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟ ಮಾಲಿಗೂ ಹೊರಗ ಗೋಡೌನಿನ್ಯಾಗ ಬಿದ್ದ ಮಾಲಿಗೂ ಬಣ್ಣ ಬ್ಯಾರೆ ಬ್ಯಾರೆ ವೇಗದಾಗ ಇಳೀತೈತಿ. ಎಸ್ಟರ್ ಆದ ಬಣ್ಣ ಬರೇ ಬಣ್ಣಕ್ಕಿಂತ ಗಟ್ಟಿ, ಗಾಳಿಗೆ ಬೆಳಕಿಗೆ ಹೆಚ್ಚು ತಡೀತೈತಿ. ಕಾಯಿ ಹೆಂಗ ಹಣ್ಣಾತು, ಹೆಂಗ ಒಣಗ್ಸಿದ್ರು, ಎಷ್ಟು ದಿನ ಇಟ್ರು ಅನ್ನೋ ಕತಿ ಎಲ್ಲಾ ಮಾನೋಎಸ್ಟರ್ ಎಷ್ಟು ಡೈಎಸ್ಟರ್ ಎಷ್ಟು ಅನ್ನೋದರಾಗ ಐತಿ. ಸಪೋನಿಫಿಕೇಶನ್ ಮಾಡಿದ್ರ ಆ ಕತಿ ತೊಳದು ಹೋತು. ಬ್ಯಾಡಗಿ ಕಾಯಿಗೆ 2011ರಾಗ ಜಿಐ ಬಂದೈತಿ, ನಾಳೆ ಇದು ಬ್ಯಾಡಗಿದ ಹೌದೋ ಅಲ್ಲೋ ಅಂತ ಯಾರರೆ ಕೇಳಿದ್ರ ಇಂಥಾ ಗುರುತ ಬೇಕಾಗ್ತಾವು ಅಂತ ನನಗ ಭಾಳ ಅನಸ್ತೈತಿ.

ಇನ್ನೊಂದು ಕಾರಣ ಕಲಬೆರಕಿ. 2003ರಾಗ ಯುರೋಪಿನವರು ನಮ್ಮ ದೇಶದಿಂದ ಹೋದ ಮೆಣಸಿನಪುಡಿ ಒಳಗ ಸುಡಾನ್ 1 (ತಿನ್ನೋದಕ್ಕ ಹಾಕಬಾರದ ಕೆಂಪು ಬಣ್ಣ) ಸಿಕ್ಕೈತಿ ಅಂತ ಗದ್ದಲ ಮಾಡಿದ್ರು, ಅಲ್ಲಿಂದ ಇವತ್ತಿನ ತನಕ ಎಕ್ಸ್‌ಪೋರ್ಟ್ ಮಾಡೋರಿಗೆ ಆ ಟೆಸ್ಟ್ ತಪ್ಪಿಲ್ಲ. ಸುಡಾನ್ 1ರ ಅಬ್ಸಾರ್ಬೆನ್ಸ್ 480ರ ಹತ್ರ, ಕ್ಯಾಪ್ಸಾಂತಿನ್ನೂ 470ರ ಮ್ಯಾಲ, ಒಂದ ವೇವ್‌ಲೆಂಗ್ತಿನ್ಯಾಗ ನೋಡಿದ್ರ ಯಾವುದು ಯಾವುದು ತಿಳಿಯಂಗಿಲ್ಲ. ಪೀಕ್ ಸರಿಯಾಗಿ ಬ್ಯಾರೆ ಆಗ್ಬೇಕು ಮತ್ತ ಡಿಎಡಿ ಸ್ಪೆಕ್ಟ್ರಮ್ ಸ್ಟ್ಯಾಂಡರ್ಡ್ ಜೊತಿ ಕೂಡಬೇಕು, ಎರಡೂ ಆದ್ರನ ಮಾತು. ಸುಡಾನ್ 3, ಸುಡಾನ್ 4 ಬೆಳಕಿಗೆ ಇಟ್ರ ತಾವ ಐಸೋಮರ್ (ಪರಮಾಣು ಅಷ್ಟ, ಜೋಡಣಿ ಬ್ಯಾರೆ) ಆಗಿ ಇನ್ನೊಂದು ಪೀಕ್ ಎಬ್ಬಸ್ತಾವು, ವಯಲ್ ಬ್ರೌನ್ ಗಾಜಿಂದ ಇರಲಿ.

ಹಿಂಗಾಗಿ ನನ್ನ ಮಾತು: ಒಂದ ಎಕ್ಸ್‌ಟ್ರ್ಯಾಕ್ಟ್ ಎರಡು ಪಾಲು ಮಾಡ್ರಿ. ಒಂದು ಸಪೋನಿಫೈ ಮಾಡಿದ್ದು, ಲೆಕ್ಕಕ್ಕ. ಒಂದು ಹಂಗ ಇದ್ದದ್ದು, ಚಿತ್ರಕ್ಕ. ಎರಡನೇದರಾಗ ಎಲ್ಲಾ ಪೀಕ್ ಬಿಡಿಸೋ ಹಟ ಬ್ಯಾಡ, ಬಿಡಿ ಕ್ಯಾರೊಟಿನಾಯ್ಡ್, ಮಾನೋಎಸ್ಟರ್, ಡೈಎಸ್ಟರ್ ಅಂತ ಮೂರು ಗುಂಪಾಗಿ ಬಂದ್ರ ಸಾಕು. ಅದಕ್ಕ ಅಸಿಟೋನ್ ಗ್ರೇಡಿಯೆಂಟ್ ಕಡೀಕ 100 ಪರ್ಸೆಂಟ್ ಹತ್ತಿಪ್ಪತ್ತು ನಿಮಿಷ ಹಿಡೀಬೇಕಾಗ್ತೈತಿ.

ಗದಗಿನ_ಹುಡುಗ

ಇಷ್ಟೆಲ್ಲಾ ತಲಿ ಕೆಡಿಸ್ಕೊಳ್ಳೂಕಿಂತ ಎಲ್‌ಸಿ-ಎಂಎಸ್ (ಕಾಲಮ್ ದಾಟಿದ ಮ್ಯಾಲ ಅಣುವಿನ ತೂಕ ಅಳಿಯೋ ಮಷೀನ್) ಇರೋ ಕಡೆ ಸ್ಯಾಂಪಲ್ ಕಳಿಸಿದ್ರ ಆಗಂಗಿಲ್ಲೇನು? ಪೀಕ್ ಕೂಡಿದ್ರೂ ಮಾಸ್ ಬ್ಯಾರೆ ಇರ್ತೈತಿ ಅಲ್ಲಾ. ಇಲ್ಲಂದ್ರ 2ಡಿ ಎಲ್‌ಸಿ ಅಂತ ಬಂದಾವಲ್ರಿ, ಎರಡು ಕಾಲಮ್ ಬ್ಯಾರೆ ಬ್ಯಾರೆ ತತ್ವದ ಮ್ಯಾಲ. ನಾ ಪಾಲಿಮರ್ ಕಡೆಯಾವ, ಇದು ಪೂರ್ತಿ ಗೊತ್ತಿಲ್ಲ, ತಿಳ್ಕೊಳ್ಳಾಕ ಕೇಳಾಕತ್ತೇನಿ.

ಸಾಧನಕೇರಿ_ಕೆಮಿಸ್ಟ್

ಬ್ಯಾಡಗಿಯವರ ಮಾತು ನನಗ ಹಿಡಿಸ್ತು, ಎರಡು ಪಾಲು ಮಾಡೋದ ಸರಿ. ಪ್ರಾಜೆಕ್ಟಿನ ಪ್ರಶ್ನಿ ಯಾವುದು ಅನ್ನೋದರ ಮ್ಯಾಲ ಮೆಥಡ್ ನಿಂತದ, ಡಬ್ಬಿಗೂ ಕಡ್ಡಿಗೂ ಫರಕ್ ತೋರಸ್ಬೇಕಂದ್ರ ಎಸ್ಟರ್ ಚಿತ್ರ ಬೇಕಾಗ್ತದ.

ಗದಗಿನವರಿಗೆ: ಮಾಸ್ ಒಳ್ಳೇದು, ಎಸ್ಟರ್ ಗುರ್ತು ಹಿಡಿಯಾಕಂತೂ ಅದ ಬೇಕು, ಕ್ಯಾರೊಟಿನಾಯ್ಡಿಗೆ ಇಎಸ್ಐಗಿಂತ ಎಪಿಸಿಐ ಸೋರ್ಸ್ ಕೂಡ್ತದ (ಎರಡೂ ಅಣುವಿಗೆ ಚಾರ್ಜ್ ಕೊಡೋ ಬಗಿ). ಆದ್ರ ಇಲ್ಲಿ ಐಸೋಮರ್ ಕಾಟ ಭಾಳ. ಜಿಯಾಝಾಂತಿನ್, ಲೂಟಿನ್ ಎರಡರ ತೂಕ ಒಂದ, 568.9. ಬೀಟಾ-ಕ್ಯಾರೊಟಿನ್, ಲೈಕೋಪಿನ್ ಎರಡೂ 536.9. ಸಿಸ್ (ಡೊಂಕಾದದ್ದು) ಮತ್ತ ಟ್ರಾನ್ಸ್ (ನೆಟ್ಟಗಿದ್ದದ್ದು) ರೂಪಕ್ಕಂತೂ ತೂಕದಾಗ ಎಳ್ಳಷ್ಟೂ ಫರಕ್ ಇಲ್ಲ. ಕಾಲಮ್ ಬಿಡಿಸಲಿಲ್ಲಂದ್ರ ಮಾಸ್ ಏನೂ ಮಾಡಂಗಿಲ್ಲ.

2ಡಿ ಅಂದ್ರ ಈ ಡೇವಿಸ್-ಗಿಡಿಂಗ್ಸ್ ಲೆಕ್ಕಕ್ಕ ಖರೇ ಉತ್ತರ, ಎರಡು ಕಾಲಮ್ಮಿನ ತತ್ವ ಪೂರ್ತಿ ಬ್ಯಾರೆ ಇದ್ರ ಪೀಕ್ ಕೆಪ್ಯಾಸಿಟಿ ಕೂಡೋದಲ್ಲ, ಗುಣಿಸ್ತದ. ಮಷೀನ್ ತುಟ್ಟಿ, ಖರೆ. ಆದ್ರ ಆಫ್‌ಲೈನ್ 2ಡಿ ಯಾವ ಕಾಲೇಜಿನ್ಯಾಗೂ ಆಗ್ತದ: ಸಿಲಿಕಾದ ಸಣ್ಣ ಕಾರ್ಟ್ರಿಜ್ ತಗೊಂಡು ಪೆಟ್ರೋಲಿಯಂ ಈಥರಿಗೆ ಸ್ವಲ್ಪ ಸ್ವಲ್ಪ ಅಸಿಟೋನ್ ಏರಿಸ್ಕೋತ ಬಿಟ್ರ ಮೊದ್ಲ ಕ್ಯಾರೊಟಿನ್ ಮತ್ತ ಡೈಎಸ್ಟರ್, ಆಮ್ಯಾಲೆ ಮಾನೋಎಸ್ಟರ್, ಕಡೀಕ ಬಿಡಿ ಹೈಡ್ರಾಕ್ಸಿ ಬಣ್ಣ, ಕಣ್ಣಿಗೆ ಕಾಣೋ ಹಂಗ ಪಟ್ಟಿ ಪಟ್ಟಿ ಆಗಿ ಇಳೀತಾವ. ಮೂರು ವಯಲಿಗೆ ಹಿಡ್ಕೊಂಡು ಒಂದೊಂದನ್ನ ಸಿ18ಕ್ಕ ಹಾಕ್ರಿ, ಅದ 2ಡಿ. ಟ್ಸ್ವೆಟ್ ಅನ್ನೋರು ವಾರ್ಸಾದಾಗ ನೂರಾ ಇಪ್ಪತ್ತು ವರ್ಷದ ಹಿಂದ ಕ್ಯಾಲ್ಸಿಯಂ ಕಾರ್ಬೊನೇಟ್ ತುಂಬಿದ ಗಾಜಿನ ಕೊಳವಿ ಒಳಗ ಎಲಿಯ ಬಣ್ಣ ಬಿಟ್ಟು ನೋಡಿದ್ದೂ ಇಂಥಾ ಪಟ್ಟಿನ. ನಿಮ್ಮ ಕಾರ್ಟ್ರಿಜ್ ಪಾರದರ್ಶಕ ಇದ್ರ ಮೊಬೈಲಿನ್ಯಾಗ ಒಂದು ಫೋಟೋ ತಗೀರಿ, ಥೀಸಿಸ್ಸಿಗೆ ಭಾಳ ಚಂದ ಕಾಣ್ತದ.

ಕೆಂಪುಕಡ್ಡಿ

ಎಲ್ಲಾರಿಗೂ ದೊಡ್ಡ ಧನ್ಯವಾದ್ರಿ. ನೀವು ಹೇಳಿದಂಗ ಮಾಡೇನಿ, ಏನಾತು ಅಂತ ಬರೀತೇನಿ, ಮುಂದ ಯಾರಿಗರೆ ಉಪಯೋಗ ಆಗ್ಲಿ.

5 ಮೈಕ್ರೋಲೀಟರಿಗೆ ಇಳಿಸಿದ ಕೂಡ್ಲೆ ಕ್ಯಾಪ್ಸೈಸಿನ್ ಒಂದ ತಲಿ ಆತು. ಓವನ್ 30ಕ್ಕ ಇಟ್ಟು, ರನ್ ನಡುವ 25 ನಿಮಿಷ ಕಟ್ಟುನಿಟ್ಟು ಬಿಟ್ರ ಮುಂಜಾನೆ ಮಧ್ಯಾಹ್ನದ ಫರಕ್ ಹೋತು. ಐಸೊಪ್ರೊಪನಾಲ್ ಬಿಟ್ಟಾಗ ಡಿಟೆಕ್ಟರ್ ದಾಟಿ ವೇಸ್ಟ್ ಬಾಟಲಿಗೆ ಬೀಳೋ ಹನಿ ಮೊದ್ಲ ಹತ್ತು ನಿಮಿಷ ಬಿಳೇದು, ಆಮ್ಯಾಲೆ ತಿಳಿ ಕೇಸರಿ ಆಗಿ, ಇನ್ನಷ್ಟು ಹೊತ್ತಿಗೆ ಮತ್ತ ಬಿಳೇದಾತು. ಅಷ್ಟು ಬಣ್ಣ ಕಾಲಮ್ಮಿನ ಒಳಗ ಕುಂತಿತ್ತು.

ಸಪೋನಿಫೈ ಮಾಡಿದ ಪಾಲು ನೀರು-ಅಸಿಟೋನ್ ಮ್ಯಾಲ ಹಾಕಿದ್ರ ದಿಬ್ಬ ಹೋಗಿ ಬ್ಯಾರೆ ಬ್ಯಾರೆ ಪೀಕ್ ಬಂದು ನಿಂತಾವು, ನಡುವಿನ ಎತ್ತರದ್ದು ಕ್ಯಾಪ್ಸಾಂತಿನ್ನ. ಸ್ಪೆಕ್ಟ್ರಮ್ ತಗದು ನೋಡಿದೆ, ಅದಕ್ಕ ಒಂದ ಅಗಲ ಬೆನ್ನು, ಪಕ್ಕದ ಜಿಯಾಝಾಂತಿನ್‌ಗೆ ಮಾತ್ರ 450 ಮತ್ತ 480ರ ಹತ್ರ ಬ್ಯಾರೆ ಬ್ಯಾರೆ ಬೆರಳು. ಸಪೋನಿಫೈ ಮಾಡದ ಪಾಲಿನ್ಯಾಗ ಬ್ಯಾಡಗಿಯವರು ಹೇಳಿದ ಮೂರು ಗುಂಪು ಕಾಣ್ತಾವು, ಡೈಎಸ್ಟರ್ ಗುಂಪು ಇನ್ನೂ ಒತ್ತೊತ್ತಾಗಿ ಐತಿ.

ಉಳಿದ ತ್ರಾಸ ಒಂದ: ಕ್ಯಾಪ್ಸಾಂತಿನ್ ಪೀಕಿನ ಬಲಕ್ಕ ಒಂದು ಭುಜ. ಗ್ರೇಡಿಯೆಂಟ್ ಎಷ್ಟು ಸಾವಕಾಶ ಮಾಡಿದ್ರೂ ಬಿಡಿಯವಲ್ದು. ಇದು ಸಿಸ್ ಐಸೋಮರೇನು? ಇದ್ರ ಕಾಯಾಗ ಇದ್ದದ್ದೋ, ನಾ ಮಾಡುವಾಗ ಆದದ್ದೋ?

ಸಾಧನಕೇರಿ_ಕೆಮಿಸ್ಟ್

ಭಾಳ ಛಲೋ ಆತು. ಭುಜದ ಮ್ಯಾಲ ಸ್ಪೆಕ್ಟ್ರಮ್ ತಗೀರಿ, ಪೀಕಿನ ತುದಿದ್ದೂ ತಗೀರಿ, ಒಂದರ ಮ್ಯಾಲ ಒಂದು ಇಡ್ರಿ. ಸಿಸ್ ಇದ್ರ ಮುಖ್ಯ ಬೆನ್ನು ಕೆಲವು ನ್ಯಾನೋಮೀಟರ್ ಎಡಕ್ಕ ಸರಿದಿರ್ತದ, ಮತ್ತ ಯುವಿ ಹತ್ರದ ಭಾಗದಾಗ ಟ್ರಾನ್ಸ್‌ಗೆ ಇರಲಾರದ ಒಂದು ಸಣ್ಣ ಗುಬಟಿ ಏಳ್ತದ. ಅಸಿಟೋನ್ ಮೊಬೈಲ್ ಫೇಜಿನ್ಯಾಗ 330ರ ಕೆಳಗ ಕುರುಡು ಅನ್ನೋದು ಲಕ್ಷದಾಗ ಇರ್ಲಿ, ಅಂಚಿನ ಹತ್ರ ನಂಬೂಕ ಮೊದ್ಲ ಆ ಪೀಕ್ ಹಿಡ್ಕೊಂಡು ಬ್ಯಾರೆ ಸಾಲ್ವೆಂಟಿನ್ಯಾಗ ಓದ್ರಿ.

ಎಲ್ಲಿಂದ ಬಂತು ಅನ್ನೋದಕ್ಕ: ಸಪೋನಿಫೈ ಮಾಡಿದ ಸ್ಯಾಂಪಲ್ಲನ್ನ ಎರಡು ವಯಲಿಗೆ ಹಾಕಿ ಒಂದನ್ನ ಕಿಡಕಿ ಮುಂದ ಒಂದು ತಾಸು ಇಡ್ರಿ, ಒಂದನ್ನ ಫ್ರೀಜರಿನ್ಯಾಗ ಕತ್ತಲಿಗೆ ಇಡ್ರಿ. ಕಿಡಕಿದರಾಗ ಭುಜ ಬೆಳೀತು ಅಂದ್ರ ಅದು ಬೆಳಕಿಂದ ಆಗೋದು, ಹಂಗಾದ್ರ ಪೂರ್ತಿ ಕೆಲಸ ಮಬ್ಬು ಬೆಳಕಿನ್ಯಾಗ ಮಾಡಿ ಎಕ್ಸ್‌ಟ್ರ್ಯಾಕ್ಷನ್ ಹೊತ್ತಿಗೇನ ಸ್ವಲ್ಪ ಬಿಎಚ್‌ಟಿ (ಗಾಳಿಗೆ ಬಣ್ಣ ಕೆಡದಂಗ ಕಾಯೋ ವಸ್ತು) ಹಾಕ್ರಿ. ಆಸಿಡ್ ಯಾವ ಹಂತದಾಗೂ ಹಾಕಬ್ಯಾಡ್ರಿ, ಇಪಾಕ್ಸೈಡ್ ಇರೋ ಬಣ್ಣ ಆಸಿಡ್ ಸೋಕಿದ್ರ 5,6ರಿಂದ 5,8ಕ್ಕ ತಿರಗ್ತಾವ, ಇಲ್ಲದ ಹೊಸಾ ಪೀಕ್ ಹುಟ್ತಾವ.

ಈಗ ಆ ಒಂದ ಕಾಲಮ್ಮಿನ ರೊಕ್ಕ ಸಿ30ಕ್ಕ ಹಾಕ್ರಿ, ಈಗ ಅದಕ್ಕ ಅರ್ಥ ಅದ. ಅಮೆರಿಕದ ನಿಸ್ಟ್ (ಅಳತಿ-ಮಾನದಂಡದ ಸರ್ಕಾರಿ ಸಂಸ್ಥೆ) ಒಳಗ 1994ರಾಗ ಇದನ್ನ ಕ್ಯಾರೊಟಿನಾಯ್ಡ್ ಐಸೋಮರ್ ಬಿಡಿಸೂದಕ್ಕಂತನ ಕಟ್ಟಿದ್ದು, ಮೂವತ್ತು ಕಾರ್ಬನ್ನಿನ ಸರಪಳಿ, ಉದ್ದನ ಕ್ಯಾರೊಟಿನಾಯ್ಡ್ ಅದರ ಗುಂಟ ಮಲಗಿದಂಗ ಕುಂದರ್ತದ, ಸಿಸ್ ಆಗಿ ಡೊಂಕಾದದ್ದು ಅಷ್ಟು ಸರಿಯಾಗಿ ಕೂಡಂಗಿಲ್ಲ, ಆ ಆಕಾರದ ಫರಕ್ಕಿಗೇನ ಪೀಕ್ ಬ್ಯಾರೆ ಆಗ್ತಾವ. 3 ಮೈಕ್ರಾನ್, 250 ಇಂಟು 4.6 ಸಿಕ್ರ ಒಳ್ಳೇದು, 150 ಆದ್ರೂ ನಡೀತದ. ಮೊಬೈಲ್ ಫೇಜ್ ಮೆಥನಾಲಿಂದ ಎಂಟಿಬಿಇ (ಈಥರ್ ಜಾತಿಯ ಸಾಲ್ವೆಂಟು) ಕಡೆ ಗ್ರೇಡಿಯೆಂಟ್, ಶುರುವಿಗೆ ಸ್ವಲ್ಪ ನೀರು. ಎಂಟಿಬಿಇ ವಾಸನಿ ಮತ್ತ ಬೆಂಕಿ ಎರಡಕ್ಕೂ ಜ್ವಾಕಿ, ಬಾಟಲಿಗೆ ಮುಚ್ಚಳ ಗಟ್ಟಿ ಇರ್ಲಿ, ಸಿಗಲಿಲ್ಲಂದ್ರ ಎಥೈಲ್ ಅಸಿಟೇಟ್ ಹಾಕಿ ನೋಡ್ರಿ, 450ಕ್ಕ ಏನೂ ಅಡ್ಡಿ ಮಾಡಂಗಿಲ್ಲ.

ಟೆಂಪರೇಚರ್ ಇಲ್ಲಿ ಉಲ್ಟಾ ಕೆಲಸ ಮಾಡ್ತದ, ಅದೊಂದು ಮರೀಬ್ಯಾಡ್ರಿ. ಓವನ್ ಏರಿಸಿದ್ರ ಪೀಕ್ ತೆಳ್ಳಗಾಗ್ತಾವ ಅಂತ ಕೈ ತಾನ ಆ ಕಡೆ ಹೋಗ್ತದ, ಆದ್ರ ಆಕಾರ ಗುರುತಿಸೋ ಶಕ್ತಿ ಬಿಸಿ ಏರಿದಂಗ ಕಡಿಮಿ ಆಗ್ತದ. 20ಕ್ಕ ಇಟ್ಟು ಶುರು ಮಾಡ್ರಿ. ನಿಮ್ಮ ಓವನ್‌ಗೆ ತಂಪ ಮಾಡೋ ಸೌಲಭ್ಯ ಇಲ್ಲಂದ್ರ ರೂಮ್ ಎಸಿ ಹಾಕಿ 25ಕ್ಕ ಹಿಡೀರಿ, ಒಂದ ಸ್ಯಾಂಪಲ್ಲನ್ನ 25ಕ್ಕೊಮ್ಮೆ 35ಕ್ಕೊಮ್ಮೆ ಓಡಿಸಿ ಭುಜ ಎತ್ತಾಗ ಸರೀತದ ನೋಡಿ ಇಲ್ಲೇ ಹಾಕ್ರಿ, ಕ್ರೊಮ್ಯಾಟೊಗ್ರಾಮ್ ಜೊತಿ.

ಬ್ಯಾಡಗಿ_ಪ್ಯಾಟಿ

ಸಿ30 ಬಂದ ಮ್ಯಾಲ ಹೇಳ್ರಿ. ಹೋದ ಸುಗ್ಗಿದ್ದು ಕೋಲ್ಡ್ ಸ್ಟೋರೇಜ್ ಮಾಲೂ, ಅದ ಲಾಟಿಂದು ಹೊರಗ ಇಟ್ಟದ್ದೂ ಎರಡೂ ನನ್ನ ಕಡೆ ಚೀಲ ಕಟ್ಟಿ ಇಟ್ಟೇನಿ, ಡಬ್ಬಿ ಕಡ್ಡಿ ಎರಡರದ್ದೂ. ಆಸ್ಟಾ ನಂಬರ್ ತಗದು ಬರದ್ ಇಟ್ಟೇನಿ. ಹಾವೇರಿಗೆ ಬಂದಾಗ ಒಯ್ಯ್‌ರಿ, ಒಂದ ನಂಬರ್ ಇದ್ದ ಎರಡು ಲಾಟಿನ ಒಳಗ ಎಸ್ಟರ್ ಚಿತ್ರ ಬ್ಯಾರೆ ಬಂತಂದ್ರ ನನಗೂ ಅದು ಬೇಕಾಗೈತಿ.